ಬಿಳಿ ಹೂವಿನ ಒಂದು ಸೋಯಾ ಗಿಡ

ಶ್ರಾವಣದ ಒಂದು ಸಂಜೆ ನಮ್ಮ ಓಣಿಯ ಹುಡುಗಿಯೊಬ್ಬಳು ಹೊಲದಿಂದ ನೆಟ್ಟಗೆ ನಮ್ಮ ಮನೆಗೇ ಓಡಿಬಂದಳು. ಐದನೆಯ ಇಯತ್ತೆ ಓದುವವಳು. ಮೊಣಕಾಲವರೆಗೆ ಎರೆಮಣ್ಣು ಮೆತ್ತಿತ್ತು. ಅದನ್ನು ತೊಳೆದುಕೊಳ್ಳುವಷ್ಟೂ ತಾಳ್ಮೆ ಅವಳಿಗಿರಲಿಲ್ಲ.

"ಕಾಕಾ, ನಮ್ಮ ಹೊಲದಾಗ ಎಲ್ಲಾ ಸೋಯಾಬೀನ್ ಗಿಡಕ್ಕ ಜಾಂಬಳಿ ಹೂ ಬಿಟ್ಟಾವ. ಒಂದ ಗಿಡಕ್ಕ ಅಷ್ಟ ಬಿಳಿ ಹೂ. ಅದರ ಬಣ್ಣ ಯಾರು ತಗೊಂಡ್ರು?"

ಬಣ್ಣ ಯಾರು ತಗೊಂಡರು! ಮಕ್ಕಳೇ, ಇಷ್ಟು ಚಂದದ ಪ್ರಶ್ನೆಯನ್ನು ನನಗೆ ಬಹಳ ದಿನದಿಂದ ಯಾರೂ ಕೇಳಿರಲಿಲ್ಲ. ಆ ರಾತ್ರಿ ಅವಳಿಗೆ ಉತ್ತರ ಹೇಳಲಿಲ್ಲ. ಗಿಡ ನೋಡದೆ ಗಿಡದ ಮಾತು ಆಡಬಾರದು. ಮರುದಿನ ಬೆಳಿಗ್ಗೆ ಇಬ್ಬರೂ ನಾಗಣಸೂರಿನ ರೇಲ್ವೆ ಹಳಿ ದಾಟಿ ಅವರ ಹೊಲಕ್ಕೆ ಹೋದೆವು.

ಸೋಯಾ ಹೂವನ್ನು ನಿಂತುಕೊಂಡು ನೋಡಲು ಆಗುವುದಿಲ್ಲ. ಸೂರ್ಯಕಾಂತಿಯ ಹಾಗೆ ಅದು ತಲೆಯೆತ್ತಿ ನಿಲ್ಲುವುದಿಲ್ಲ, ತೊಗರಿಯ ಹಾಗೆ ದೂರದಿಂದ ಹಳದಿಯಾಗಿ ಕಾಣುವುದೂ ಇಲ್ಲ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಂಕುಳಲ್ಲಿ, ಜೋಳದ ಕಾಳಿಗಿಂತ ತುಸು ದೊಡ್ಡದಾದ ಹೂಗಳು ಗುಂಪಾಗಿ ಕುಳಿತಿರುತ್ತವೆ. ಮೊಣಕಾಲೂರಿ, ಎಲೆ ಸರಿಸಿ, ಮುಖ ಹತ್ತಿರ ತಂದರೆ ಮಾತ್ರ ಕಾಣುತ್ತವೆ. ಹೊಲದ ತುಂಬ ನೇರಳೆ ಹೂ. ಆರನೆಯ ಸಾಲಿನಲ್ಲಿ ಒಂದೇ ಒಂದು ಗಿಡದಲ್ಲಿ ಬಿಳಿ.

ಅವಳ ಕಣ್ಣು ನನ್ನದಕ್ಕಿಂತ ಚುರುಕು. "ಕಾಕಾ, ಇದರ ಮೈಮ್ಯಾಲಿನ ಕೂದಲಾ ನೋಡ್ರಿ. ನಮ್ಮ ಮುತ್ಯಾನ ಮೀಸಿ ಹಂಗ ಬೆಳ್ಳಗ ಅದ" ಎಂದಳು. ಹೌದು. ಅಕ್ಕಪಕ್ಕದ ಗಿಡಗಳ ಕಾಂಡದ ಮೇಲೆ ಕಂದು ಬಣ್ಣದ ಸಣ್ಣ ಕೂದಲು, ಈ ಗಿಡದ ಮೇಲೆ ಬೂದಿಬಿಳುಪು. ಹೂವೂ ಬೇರೆ, ಕೂದಲೂ ಬೇರೆ. ಈ ಎರಡನೆಯ ಮಾತನ್ನು ಮರೆಯಬೇಡಿ. ಇದು ಮುಂದೆ ನಮಗೆ ಬೇಕಾಗುತ್ತದೆ.

ಬಣ್ಣದ ಪ್ರಶ್ನೆಗೆ ಮೊದಲು ಬರೋಣ. ಶೇಂಗಾ ಹೋಳಿಗೆ ಮಾಡುವ ಕ್ರಮವನ್ನು ಬರೆದ ಎರಡು ವಹಿಗಳು ನಿಮ್ಮ ಮನೆಯಲ್ಲಿವೆ ಎಂದುಕೊಳ್ಳಿ. ಒಂದು ಅವ್ವನ ತವರಿನಿಂದ ಬಂದದ್ದು, ಇನ್ನೊಂದು ಅಪ್ಪನ ಮನೆಯದು. ಒಂದು ವಹಿಯಲ್ಲಿ ಹೋಳಿಗೆಯ ಪುಟ ಹರಿದುಹೋಗಿದೆ. ಹಬ್ಬದ ದಿನ ಹೋಳಿಗೆ ಆಗುತ್ತದೆಯೇ? ಆಗುತ್ತದೆ. ಇನ್ನೊಂದು ವಹಿ ಇದೆಯಲ್ಲ. ಎರಡೂ ವಹಿಗಳಲ್ಲಿ ಅದೇ ಪುಟ ಹರಿದಿದ್ದರೆ ಮಾತ್ರ ಆ ಮನೆಯಲ್ಲಿ ಹೋಳಿಗೆ ಇಲ್ಲ.

ಸೋಯಾ ಗಿಡದ ಒಳಗೂ ಪ್ರತಿಯೊಂದು ಗುಣಕ್ಕೆ ಹೀಗೆ ಎರಡೆರಡು ಬರಹ ಇರುತ್ತವೆ. ಒಂದು ತಾಯಿ ಕಡೆಯಿಂದ, ಒಂದು ತಂದೆ ಕಡೆಯಿಂದ. ಈ ಬರಹಕ್ಕೆ ಜೀನ್ ಎನ್ನುತ್ತಾರೆ. ನೇರಳೆ ಬಣ್ಣ ತಯಾರಿಸುವ ಬರಹ ಒಂದು ಸರಿಯಿದ್ದರೂ ಸಾಕು, ಹೂವು ನೇರಳೆಯಾಗುತ್ತದೆ. ಎರಡೂ ಕೆಟ್ಟಿದ್ದರೆ ಬಣ್ಣ ತಯಾರಾಗುವುದೇ ಇಲ್ಲ, ಹೂವು ಬಿಳಿಯಾಗಿ ಉಳಿಯುತ್ತದೆ. ಅವಳ ಗಿಡದ ಬಣ್ಣವನ್ನು ಯಾರೂ ತೆಗೆದುಕೊಂಡಿರಲಿಲ್ಲ. ಅದಕ್ಕೆ ಬಣ್ಣ ಮಾಡುವುದೇ ತಿಳಿದಿರಲಿಲ್ಲ.

ಈಗ ಒಂದು ಆಟ. ಚೌಕಾಬಾರ ಆಡಲು ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮೈ ಬೆಳ್ಳಗೆ ಮಾಡಿಕೊಳ್ಳುತ್ತೀರಲ್ಲ, ಅಂಥ ಎರಡು ಬೀಜ ತೆಗೆದುಕೊಳ್ಳಿ. ಒಂದು ತಾಯಿ ಗಿಡ, ಇನ್ನೊಂದು ತಂದೆ ಗಿಡ. ಕಂದು ಮೈ ಎಂದರೆ ಸರಿಯಿರುವ ಪುಟ, ಬಿಳಿ ಮೈ ಎಂದರೆ ಹರಿದ ಪುಟ. ಎರಡನ್ನೂ ಒಟ್ಟಿಗೆ ಎಸೆಯಿರಿ. ಒಂದಾದರೂ ಕಂದು ಬಿದ್ದರೆ ನೇರಳೆ ಹೂ ಎಂದು ಬರೆಯಿರಿ. ಎರಡೂ ಬಿಳಿ ಬಿದ್ದರೆ ಬಿಳಿ ಹೂ. ಹತ್ತು ಸಲ ಎಸೆದರೆ ಬಿಳಿ ಒಮ್ಮೆಯೂ ಬರದೇ ಇರಬಹುದು, ನಾಲ್ಕು ಸಲ ಬರಲೂಬಹುದು. ಬೇಸರಪಡದೆ 200 ಸಲ ಎಸೆಯಿರಿ. ನಾಲ್ಕರಲ್ಲಿ ಒಂದು ಪಾಲಿನ ಹತ್ತಿರ ಹತ್ತಿರ ಬಿಳಿ ಬಂದಿರುತ್ತದೆ. ತಿಕ್ಕಿದ ಬೀಜ ಒಂದೇ ಮಗ್ಗುಲಿಗೆ ಹೆಚ್ಚು ಬೀಳುವುದುಂಟು. ಹಾಗಿದ್ದರೆ ಬೀಜ ಬದಲಿಸಿ. ಸುಳ್ಳು ದಾಳದಿಂದ ಲೆಕ್ಕವೂ ಸುಳ್ಳಾಗುತ್ತದೆ.

ಈ ನಾಲ್ಕರಲ್ಲಿ ಒಂದು ಎಂಬ ಲೆಕ್ಕವನ್ನು ಮೊದಲು ಕಂಡವರು ಗ್ರೆಗೊರ್ ಮೆಂಡೆಲ್. ಅವರು ಒಬ್ಬ ಸನ್ಯಾಸಿ. ಈಗ ಚೆಕ್ ದೇಶದಲ್ಲಿರುವ ಬ್ರನೋ ಎಂಬ ಊರಿನ ಮಠದ ತೋಟದಲ್ಲಿ ಬಟಾಣಿ ಬೆಳೆಸಿದರು. ನಮ್ಮ ಕಡೆಯ ಮಠಗಳ ಹಿತ್ತಲಲ್ಲಿ ಹೂವಿನ ಗಿಡ ಇರುವ ಹಾಗೆ ಅಲ್ಲಿ ಬಟಾಣಿಯ ಸಾಲುಗಳಿದ್ದವು. ಬಣ್ಣದ ಹೂವಿನ ಬಟಾಣಿಯನ್ನು ಬಿಳಿ ಹೂವಿನದರ ಜೊತೆ ಕೂಡಿಸಿದಾಗ ಹುಟ್ಟಿದ ಮಕ್ಕಳಿಗೆಲ್ಲ ಬಣ್ಣದ ಹೂವೇ. ಬಿಳಿ ಮುಗಿಯಿತು ಎಂದು ಬೇರೆ ಯಾರಾದರೂ ಕೈ ಬಿಡುತ್ತಿದ್ದರೇನೋ. ಮೆಂಡೆಲ್ ಆ ಮಕ್ಕಳ ಬೀಜವನ್ನೂ ಬಿತ್ತಿದರು. ಮೊಮ್ಮಕ್ಕಳು 929. ಅವುಗಳಲ್ಲಿ 705ಕ್ಕೆ ಬಣ್ಣದ ಹೂ, 224ಕ್ಕೆ ಬಿಳಿ ಹೂ. ಅಡಗಿದ್ದ ಬಿಳಿ ಒಂದು ತಲೆಮಾರು ಬಿಟ್ಟು ಮತ್ತೆ ಹೊರಗೆ ಬಂದಿತ್ತು. 1865ರಲ್ಲಿ ಇದನ್ನು ಊರ ವಿಜ್ಞಾನ ಸಂಘದ ಮುಂದೆ ಓದಿದರು, ಮರುವರ್ಷ ಅಚ್ಚಾಯಿತು. ಅದರ ಬೆಲೆ ಜಗತ್ತಿಗೆ ತಿಳಿದದ್ದು 1900ರಲ್ಲಿ. ಅಷ್ಟರಲ್ಲಿ ಮೆಂಡೆಲ್ ತೀರಿಕೊಂಡು 16 ವರ್ಷ ಕಳೆದಿದ್ದವು. ಇದನ್ನು ಬರೆಯುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ದೊಡ್ಡ ತರಗತಿಗೆ ಹೋದಾಗ ನಿಮ್ಮ ಕನ್ನಡ ಬಾಲಭಾರತಿಯ ವಿಜ್ಞಾನ ಪುಸ್ತಕದಲ್ಲಿ ಇದು ಅನುವಂಶಿಕತೆ ಎಂಬ ಪಾಠವಾಗಿ ಬರುತ್ತದೆ. ಅಲ್ಲಿ ಪ್ರಬಲ, ಅಪ್ರಬಲ ಎಂಬ ಮಾತುಗಳಿರುತ್ತವೆ. ನಾನು ಚಿಕ್ಕವರಿಗೆ ಹೇಳುವಾಗ ತೋರುವ ಗುಣ, ಅಡಗುವ ಗುಣ ಎನ್ನುತ್ತೇನೆ. ಅಪ್ರಬಲ ಎಂದ ಕೂಡಲೇ ಅದು ಸೋತದ್ದು, ಕೆಲಸಕ್ಕೆ ಬಾರದ್ದು ಎಂದು ಮಕ್ಕಳು ತಿಳಿಯುತ್ತಾರೆ. ಹಾಗಲ್ಲವೆಂದು ಈಗ ನೋಡೋಣ. ಅದಕ್ಕೆ ಆ ಗಿಡದ ಬಿಳಿ ಕೂದಲಿಗೆ ಮರಳಬೇಕು.

ಸುಗ್ಗಿಗೆ ಮುಂಚೆ ನೀವು ಹೊಲದಲ್ಲಿ ಏನೇನು ತಿನ್ನುತ್ತೀರಿ? ಜೋಳ ಹಾಲುಗಾಳಾದಾಗ ತೆನೆ ಸುಟ್ಟು ಸೀತನಿ ತಿನ್ನುತ್ತೀರಿ. ಕಡಲೆ ಹಸಿರಿದ್ದಾಗ ಗಿಡ ಸಮೇತ ಸುಟ್ಟು ಸುಲಗಾಯಿ. ತೊಗರಿಕಾಯಿ ಬಲಿತು ಇನ್ನೂ ಹಸಿರಿದ್ದಾಗ ಉಪ್ಪು ಹಾಕಿ ಕುದಿಸಿ, ಅಂಗಳದಲ್ಲಿ ಕುಳಿತು ಸುಲಿದು ಸುಲಿದು ತಿನ್ನುತ್ತೀರಿ. ಕಾಳು ಒಣಗಿದ ಮೇಲೆ ಆ ಸಿಹಿ ಇರುವುದಿಲ್ಲ. ಹಸಿಗಾಳಿನ ಸಕ್ಕರೆ ಬಲಿಯುತ್ತ ಹೋದಂತೆ ಬೇರೆ ವಸ್ತುವಾಗಿ ಗಟ್ಟಿಯಾಗುತ್ತದೆ.

ಸೋಯಾವನ್ನೂ ಹೀಗೆ ಹಸಿರಿರುವಾಗಲೇ ಕಿತ್ತು ಕುದಿಸಿ ತಿನ್ನುವ ದೇಶಗಳಿವೆ. ಜಪಾನಿನಲ್ಲಿ ಅದನ್ನು ಎಡಮಾಮೆ ಎನ್ನುತ್ತಾರೆ, ಕೊಂಬೆಯ ಮೇಲಿನ ಕಾಳು ಎಂದು ಅರ್ಥ. ಚೀನಾದಲ್ಲಿ ಮಾವೊದೌ, ಎಂದರೆ ಕೂದಲಿನ ಕಾಳು. ಹುಡುಗಿಗೆ ಈ ಹೆಸರು ಬಹಳ ಹಿಡಿಸಿತು. ನಮ್ಮಲ್ಲಿ ಇದಕ್ಕೆ ತರಕಾರಿ ಸೋಯಾ ಎನ್ನುತ್ತಾರೆ. ನಾಗಣಸೂರಿನ ಹೊಲಗಳಲ್ಲಿ ಬೆಳೆಯುವುದು ಒಣಗಿಸಿ ರಾಶಿ ಮಾಡಿ ಎಣ್ಣೆಗೆ ಮಾರುವ ಸೋಯಾ. ತರಕಾರಿ ಸೋಯಾದ ಕಾಳು ಅದಕ್ಕಿಂತ ಎರಡುಪಟ್ಟು, ಎರಡೂವರೆಪಟ್ಟು ದಪ್ಪ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ನಿಮ್ಮ ಹೊಲದ 100 ಒಣ ಕಾಳು ಎಣಿಸಿ ಇಡಿ. 10ರಿಂದ 14 ಗ್ರಾಂ ತೂಗುತ್ತದೆ. ಒಳ್ಳೆಯ ತರಕಾರಿ ಸೋಯಾದ 100 ಕಾಳು 30 ಗ್ರಾಂ ದಾಟಬೇಕು.

ಜಪಾನಿನ ಪೇಟೆಗೆ ಹೋಗುವ ಕಾಯಿಗೆ ಇನ್ನೂ ಕಟ್ಟುನಿಟ್ಟು ಇದೆ. ಅರ್ಧ ಕಿಲೋ ತೂಗಿದರೆ ಅದರಲ್ಲಿ 175ಕ್ಕಿಂತ ಹೆಚ್ಚು ಕಾಯಿ ಇರಬಾರದು. 500ನ್ನು 175ರಿಂದ ಭಾಗಿಸಿ ನೋಡಿ. ಒಂದೊಂದು ಕಾಯಿಯೂ ಸುಮಾರು 3 ಗ್ರಾಂ ತೂಗಬೇಕು ಎಂದಾಯಿತು. ಕಾಯಿಯಲ್ಲಿ ಎರಡು ಮೂರು ಕಾಳಿರಬೇಕು, ಒಂದೇ ಕಾಳಿನದು ನಡೆಯುವುದಿಲ್ಲ. ಇನ್ನೊಂದು ಮಾತು, ಕಾಯಿಯ ಮೇಲಿನ ಕೂದಲು ಬೂದಿಬಿಳುಪಾಗಿರಬೇಕು. ಕಂದು ಕೂದಲಿದ್ದರೆ ಕಾಯಿ ಕೊಳೆಯಾದ ಹಾಗೆ, ಹಳೆಯದಾದ ಹಾಗೆ ಕಾಣುತ್ತದೆ ಎಂದು ಕೊಳ್ಳುವವರು ಮುಖ ತಿರುಗಿಸುತ್ತಾರೆ. ಕಂದು ಕೂದಲು ತೋರುವ ಗುಣ, ಬಿಳುಪು ಕೂದಲು ಅಡಗುವ ಗುಣ. ನೋಡಿದಿರಾ, ಇಲ್ಲಿ ಅಡಗುವ ಗುಣಕ್ಕೇ ಬೆಲೆ.

ನಮ್ಮ ದೇಶದಲ್ಲೂ ತರಕಾರಿ ಸೋಯಾದ ತಳಿಗಳನ್ನು ಹೊರತಂದಿದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ತನ್ನ ತಳಿಗೆ ಕರುಣೆ ಎಂದು ಹೆಸರಿಟ್ಟಿತು. ಸೋಯಾ ತಳಿಗೆ ಇಂಥ ಮೃದುವಾದ ಕನ್ನಡ ಹೆಸರು ಇಟ್ಟವರನ್ನು ನಾನು ಮನಸ್ಸಿನಲ್ಲೇ ವಂದಿಸುತ್ತೇನೆ. ರಾಂಚಿಯಿಂದ ಸ್ವರ್ಣ ವಸುಂಧರಾ ಬಂತು. ಇಂದೋರಿನ ಸೋಯಾಬೀನ್ ಸಂಶೋಧನಾ ಸಂಸ್ಥೆಯಿಂದ ಎನ್‌ಆರ್‌ಸಿ 188 ಬಂತು. ತೈವಾನಿನಲ್ಲಿರುವ ವಿಶ್ವ ತರಕಾರಿ ಕೇಂದ್ರವೂ ಬಹಳ ಕಾಲದಿಂದ ಈ ಕೆಲಸ ಮಾಡುತ್ತಿದೆ. ಅಲ್ಲಿಯ ಒಂದು ಸಾಲು 1987ರಲ್ಲಿ ಕಾವ್‌ಸ್ಯುಂಗ್ ನಂಬರ್ 1 ಎಂಬ ತಳಿಯಾಗಿ ತೈವಾನಿನ ರೈತರ ಕೈ ಸೇರಿತು.

"ಹಂಗಾದ್ರ ಜಪಾನದ ಬೀಜಾನ ತಂದು ನಮ್ಮ ಹೊಲದಾಗ ಬಿತ್ತಿದ್ರ ಆತು" ಎಂದಳು ಹುಡುಗಿ.

ಅಷ್ಟು ಸುಲಭವಾಗಿದ್ದರೆ! ಸೋಯಾ ಗಿಡ ಹಗಲನ್ನು ಅಳೆಯುತ್ತದೆ. ಸರಿಯಾಗಿ ಹೇಳುವುದಾದರೆ ರಾತ್ರಿಯ ಉದ್ದವನ್ನು. ರಾತ್ರಿ ಸಾಕಷ್ಟು ಉದ್ದವಾದಾಗ "ಇನ್ನು ಹೂ ಬಿಡುವ ಕಾಲ" ಎಂದು ತಿಳಿಯುತ್ತದೆ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ಇದನ್ನು ತಂಬಾಕು ಮತ್ತು ಸೋಯಾ ಗಿಡಗಳಲ್ಲಿ ಕಂಡು 1920ರಲ್ಲಿ ಪ್ರಕಟಿಸಿದರು. ಜಪಾನಿನ ಉತ್ತರದ ಹೊಕ್ಕೈಡೊದಲ್ಲಿ ಜೂನ್ ತಿಂಗಳ ಹಗಲು 15 ಗಂಟೆ ದಾಟುತ್ತದೆ. ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ಅತಿ ಉದ್ದದ ಹಗಲೂ 13 ಗಂಟೆಗಿಂತ ತುಸುವೇ ಹೆಚ್ಚು. ಅಲ್ಲಿನ ಹಗಲಿಗೆ ಒಗ್ಗಿದ ತಳಿಯನ್ನು ಇಲ್ಲಿ ಬಿತ್ತಿದರೆ ಅದಕ್ಕೆ ಮೋಸವಾಗುತ್ತದೆ. ರಾತ್ರಿ ಆಗಲೇ ಉದ್ದವಾಯಿತು ಎಂದುಕೊಂಡು, ಗೇಣುದ್ದ ಇರುವಾಗಲೇ ಹೂ ಬಿಟ್ಟುಬಿಡುತ್ತದೆ. ಅಷ್ಟು ಪುಟ್ಟ ಗಿಡ ಎಷ್ಟು ಕಾಯಿ ಹೊತ್ತೀತು? ಈ ಗಡಿಯಾರವೂ ಜೀನ್‌ಗಳಲ್ಲಿ ಬರೆದದ್ದೇ. ಆದ್ದರಿಂದ ದಪ್ಪ ಕಾಳಿನ ಪರದೇಶಿ ತಳಿಯನ್ನೂ ನಮ್ಮ ಹಗಲು, ನಮ್ಮ ರೋಗ, ನಮ್ಮ ಬಿಸಿಲು ಬಲ್ಲ ಇಲ್ಲಿನ ತಳಿಯನ್ನೂ ಕೂಡಿಸಿ, ಎರಡರ ಒಳ್ಳೆಯ ಗುಣಗಳಿರುವ ಮೊಮ್ಮಗುವನ್ನು ಹುಡುಕುವ ಕೆಲಸ ಮಾಡಬೇಕಾಗುತ್ತದೆ.

ಆ ಕೂಡಿಸುವ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನಾನು ಬೇಕೆಂದೇ ನಿಧಾನವಾಗಿ ಹೇಳುತ್ತೇನೆ. ಇದರಷ್ಟು ನಾಜೂಕಿನ ಕೈಕೆಲಸ ಹೊಲದಲ್ಲಿ ಇನ್ನೊಂದಿಲ್ಲ.

ಸೋಯಾ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ. ಹೂ ಅರಳುವ ಮುಂಚೆಯೇ, ಮೊಗ್ಗಿನ ಒಳಗೇ, ಅದರ ಪರಾಗ ಅದರದೇ ಹೆಣ್ಣುಭಾಗದ ತುದಿಗೆ ಉದುರಿಬಿಡುತ್ತದೆ. ಬಾಗಿಲು ತೆರೆಯುವ ಮೊದಲೇ ಮದುವೆ ಮುಗಿದಿರುತ್ತದೆ. ಜೇನುಹುಳು ಬಂದರೂ ತಡವಾಗಿ ಬಂದ ನೆಂಟನ ಹಾಗೆ. ನೂರು ಬೀಜದಲ್ಲಿ ಒಂದು ಕೂಡ ಪರಗಿಡದ ಪರಾಗದಿಂದ ಹುಟ್ಟುವುದು ಅಪರೂಪ. ತೊಗರಿ ಹಾಗಲ್ಲ. ಜೇನುಹುಳು ಒಂದು ತೊಗರಿ ಹೂವಿನ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಅದಕ್ಕೇ ಬೇರೆ ಬೇರೆ ತೊಗರಿ ತಳಿ ಪಕ್ಕಪಕ್ಕ ಇದ್ದರೆ ಕೆಲ ವರ್ಷಗಳಲ್ಲಿ ಬೀಜ ಕಲಸಿಹೋಗುತ್ತದೆ. ಸೋಯಾ ತನ್ನತನ ಬಿಡುವುದಿಲ್ಲ.

ತಳಿ ಕೂಡಿಸುವವರು ಆ ಮದುವೆಯನ್ನು ತಡೆಯಬೇಕು. ನಾಳೆ ಅರಳಲಿರುವ ಮೊಗ್ಗನ್ನು ಹುಡುಕುತ್ತಾರೆ. ಸೂಜಿಮೊನೆಯ ಚಿಮಟದಿಂದ ಹೊರಗಿನ ಹಸಿರು ಎಸಳುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಒಳಗಿನ ಬಣ್ಣದ ಎಸಳುಗಳನ್ನು ಮೆಲ್ಲನೆ ಎಳೆದು ತೆಗೆಯುತ್ತಾರೆ, ಗಂಡು ಕೇಸರಗಳನ್ನೂ ಬಿಡಿಸುತ್ತಾರೆ. ಕೇಸರಗಳು ಹತ್ತು, ಒಂದೊಂದೂ ಸಾಸಿವೆಗಿಂತ ಸಣ್ಣ ತಲೆಯದು. ನಡುವಿನ ಹೆಣ್ಣುಭಾಗಕ್ಕೆ ಚಿಮಟ ತಾಗಿದರೆ ಎಲ್ಲ ಕೆಟ್ಟಿತು. ಆಮೇಲೆ ತಂದೆಯಾಗಬೇಕಾದ ಗಿಡದಿಂದ ಆಗಷ್ಟೇ ಅರಳಿದ ಹೂ ತಂದು, ಅದರ ಪರಾಗವನ್ನು ಈ ತುದಿಗೆ ಮುಟ್ಟಿಸಿ, ದಾರ ಕಟ್ಟಿ ಚೀಟಿ ಇಡುತ್ತಾರೆ.

ಅಷ್ಟೆಲ್ಲ ಮಾಡಿದರೂ ಬಹಳಷ್ಟು ಹೂ ಉದುರಿಹೋಗುತ್ತವೆ. ಯಾರೂ ಮುಟ್ಟದ ಸೋಯಾ ಗಿಡವೇ ತನ್ನ ಹೂಗಳಲ್ಲಿ ಅರ್ಧದಷ್ಟನ್ನು, ಕೆಲವೊಮ್ಮೆ ಇನ್ನೂ ಹೆಚ್ಚನ್ನು ಉದುರಿಸುತ್ತದೆ. ಚಿಮಟ ತಾಗಿದ ಹೂವಿನ ಮಾತು ಕೇಳಬೇಕೆ? ನಿಂತ ಒಂದು ಕಾಯಿಯಲ್ಲಿ ಸಿಗುವುದು ಎರಡೋ ಮೂರೋ ಕಾಳು. ಬಗ್ಗಿದ ಬೆನ್ನು ನೋಯುತ್ತಿರುವಾಗ ಅಂಗೈಯಲ್ಲಿ ಎರಡು ಕಾಳು ಹಿಡಿದು ನಿಂತವರ ಸಂತೋಷವನ್ನು ನೀವೇ ಊಹಿಸಿ.

ಆದರೆ ಆ ಕಾಳು ನಿಜವಾಗಿ ಕೂಡಿಸಿದ್ದರಿಂದಲೇ ಹುಟ್ಟಿತೋ, ಅಥವಾ ಕಣ್ತಪ್ಪಿ ಉಳಿದ ತಾಯಿಯದೇ ಪರಾಗದಿಂದ ಹುಟ್ಟಿತೋ? ಇದನ್ನು ತಿಳಿಯುವ ಉಪಾಯ ಬಿಳಿ ಹೂವಿನಲ್ಲಿದೆ. ತಾಯಿಯಾಗಿ ಬಿಳಿ ಹೂವಿನ ಗಿಡ, ತಂದೆಯಾಗಿ ನೇರಳೆ ಹೂವಿನ ಗಿಡ ಇಟ್ಟುಕೊಂಡರೆ ಕೂಡಿ ಹುಟ್ಟಿದ ಮಗುವಿನ ಹೂವು ನೇರಳೆಯಾಗಲೇಬೇಕು. ಬಿಳಿಯಾದರೆ ಅದು ತಾಯಿಯ ಸ್ವಂತದ್ದು, ಕಿತ್ತು ಬಿಸಾಡಬಹುದು. ಹೂ ಬಿಡುವ ತನಕ ಕಾಯಬೇಕಾಗಿಯೂ ಇಲ್ಲ. ಸೋಯಾ ಮೊಳೆತು ಎರಡು ದಪ್ಪ ಬೇಳೆಗಳು ಮಣ್ಣಿನಿಂದ ಮೇಲೆದ್ದಾಗ, ಅವುಗಳ ಕೆಳಗಿನ ಎಳೆ ಕಾಂಡ ನೋಡಿ. ಅದರಲ್ಲಿ ನೇರಳೆ ಛಾಯೆ ಇದ್ದರೆ ಮುಂದೆ ಹೂವೂ ನೇರಳೆ. ಬರೀ ಹಸಿರಿದ್ದರೆ ಹೂವು ಬಿಳಿ. ಬಣ್ಣ ಮಾಡುವ ಅದೇ ಜೀನ್ ಎರಡೂ ಕಡೆ ಕೆಲಸ ಮಾಡುತ್ತದೆ. ಐದು ವಾರದ ನಂತರ ಅರಳುವ ಹೂವಿನ ಬಣ್ಣವನ್ನು ಮೊಳಕೆಯಲ್ಲೇ ಓದಬಹುದು!

ಒಂದು ಜೀನ್ ಎರಡು ಕಡೆ ಕಾಣಿಸಿಕೊಳ್ಳುವ ಇನ್ನೊಂದು ಸೋಜಿಗ ಸೋಯಾದಲ್ಲಿದೆ, ಕಾಯಿಗೂ ಎಲೆಗೂ ಸಂಬಂಧಿಸಿದ್ದು. ಕೆಲವು ತಳಿಗಳ ಎಲೆ ಅಗಲವಾಗಿರುತ್ತದೆ, ಕೆಲವುದರದ್ದು ಭರ್ಚಿಯ ಮೊನೆಯಂತೆ ಸಪೂರ. ಸಪೂರ ಎಲೆಯ ಗಿಡಗಳ ಕಾಯಿ ಬಿಡಿಸಿ ಎಣಿಸಿದರೆ ನಾಲ್ಕು ಕಾಳಿನ ಕಾಯಿಗಳು ಹೆಚ್ಚಾಗಿ ಸಿಗುತ್ತವೆ. ಅಗಲ ಎಲೆಯವುಗಳಲ್ಲಿ ಎರಡು, ಮೂರು ಕಾಳಿನವೇ ಹೆಚ್ಚು. ಎಲೆಯ ಆಕಾರವನ್ನು ತಿದ್ದುವ ಜೀನೇ ಕಾಯಿಯೊಳಗೆ ಎಷ್ಟು ಕಾಳು ಕೂರಬೇಕು ಎಂಬುದಕ್ಕೂ ಕೈ ಹಾಕುತ್ತದೆ. ಇಲ್ಲಿ ಇನ್ನೊಂದು ವಿಶೇಷ. ಅಗಲ ಎಲೆಯದನ್ನೂ ಸಪೂರ ಎಲೆಯದನ್ನೂ ಕೂಡಿಸಿದರೆ ಮಗುವಿನ ಎಲೆ ನಡುವಿನ ಅಳತೆಯದಾಗುತ್ತದೆ. ಒಂದು ಗುಣ ಇನ್ನೊಂದನ್ನು ಪೂರ್ತಿ ಮುಚ್ಚಿಡಲಿಲ್ಲ. ಎಲ್ಲ ಜೀನ್‌ಗಳೂ ಮೆಂಡೆಲ್‌ರ ಬಟಾಣಿ ಹೂವಿನ ಹಾಗೆಯೇ ನಡೆಯಬೇಕೆಂದಿಲ್ಲ.

ಅಡಗುವ ಗುಣದ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಂಬೆಮೊಹರ ಅಕ್ಕಿ ಬೇಯುವಾಗ ಮನೆಯೆಲ್ಲ ಘಮಘಮ ಎನ್ನುತ್ತದಲ್ಲ? ಬಾಸುಮತಿಯಲ್ಲೂ ಅದೇ ಪರಿಮಳದ ವಸ್ತು. ಜಪಾನಿನ ಕೆಲವು ಎಡಮಾಮೆ ತಳಿಗಳಲ್ಲಿ ಕೂಡ ಅದೇ ಪರಿಮಳ ಉಂಟು. ಅಕ್ಕಿಗೂ ಸೋಯಾಕ್ಕೂ ಎಲ್ಲಿಯ ನೆಂಟಸ್ತಿಕೆ! ಆದರೆ ಎರಡರಲ್ಲೂ ಒಂದೇ ಬಗೆಯ ಜೀನ್ ಕೆಟ್ಟಿದೆ. ಆ ಜೀನ್ ಸರಿಯಿದ್ದಾಗ ಪರಿಮಳವಾಗಬೇಕಾದ ವಸ್ತುವನ್ನು ಬೇರೆ ಕೆಲಸಕ್ಕೆ ಕಳಿಸಿಬಿಡುತ್ತದೆ. ಕೆಟ್ಟಾಗ ಆ ವಸ್ತು ಉಳಿದು ಘಮ ಏಳುತ್ತದೆ. ಎರಡೂ ವಹಿಯಲ್ಲಿ ಪುಟ ಹರಿದಿದ್ದರೇ ಇಲ್ಲಿ ಹಬ್ಬ.

ಇಷ್ಟು ಹೊತ್ತಿಗೆ ಹುಡುಗಿಯ ಅಪ್ಪ ಬದುವಿನ ಮೇಲೆ ಬಂದು ಕುಳಿತಿದ್ದರು. "ಇಳುವರಿ ಹೆಚ್ಚ ಆಗಬೇಕಂದ್ರ ದೊಡ್ಡ ದೊಡ್ಡ ಕಾಳ ಆರಿಸಿ ಬಿತ್ತಿದ್ರ ಆಗಂಗಿಲ್ಲೇನು?" ಎಂದು ಕೇಳಿದರು. ನನಗೂ ಚಿಕ್ಕಂದಿನಲ್ಲಿ ಹಾಗೇ ಅನ್ನಿಸುತ್ತಿತ್ತು. ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸನ್ ಎಂಬವರು ಇದನ್ನೇ ಪರೀಕ್ಷಿಸಿ 1903ರಲ್ಲಿ ಬರೆದರು. ಅವರು ತೆಗೆದುಕೊಂಡದ್ದು ಸೋಯಾದ ಹಾಗೆಯೇ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಬೀನ್ಸ್. ಒಂದೇ ಗಿಡದ ವಂಶದಲ್ಲಿ ದಪ್ಪ ಕಾಳುಗಳನ್ನೂ ಸಣ್ಣ ಕಾಳುಗಳನ್ನೂ ಬೇರೆ ಮಾಡಿ ಬಿತ್ತಿದರು. ದಪ್ಪ ಕಾಳಿನ ಮಕ್ಕಳು ದಪ್ಪವಾದವೇ? ಇಲ್ಲ. ಎರಡೂ ಕಡೆ ಸರಾಸರಿ ಅಷ್ಟಕ್ಕಷ್ಟೇ ಬಂತು. ದಪ್ಪ ಕಾಳು ದಪ್ಪವಾದದ್ದು ಒಳ್ಳೆಯ ಜಾಗದಲ್ಲಿ, ಒಳ್ಳೆಯ ಕಾಯಿಯಲ್ಲಿ ಕುಳಿತಿದ್ದರಿಂದ. ಒಳಗಿನ ಬರಹ ಎಲ್ಲದರಲ್ಲೂ ಒಂದೇ. ಜೀನ್ ಎಂಬ ಪದವನ್ನು 1909ರಲ್ಲಿ ಬಳಕೆಗೆ ತಂದವರೂ ಇದೇ ಯೊಹಾನ್ಸನ್.

"ಅಂದ್ರ ಆರಿಸೋದರಾಗ ಏನೂ ಇಲ್ಲಂತೀರಿ?"

ಇದೆ. ಒಳಗೆ ಬೇರೆ ಬೇರೆ ಬರಹ ಇದ್ದಾಗ ಇದೆ. ನಮ್ಮ ಸೋಲಾಪುರ ಜಿಲ್ಲೆಯ ಮೋಹೋಳವನ್ನೇ ನೋಡಿ. ಮಾಲದಂಡಿ ಎಂಬ ಊರ ಜೋಳದಲ್ಲಿ ನೋಡಲು ಒಂದೇ ಥರ ಇದ್ದರೂ ಒಳಗೆ ಹಲವು ವಂಶಗಳು ಕಲೆತಿದ್ದವು. ಅದರಿಂದ ಒಂದು ಒಳ್ಳೆಯ ವಂಶವನ್ನು ಮೋಹೋಳದಲ್ಲಿ ಆರಿಸಿದರು. ಅದೇ ಎಂ 35-1. ಇಂದಿಗೂ ನಮ್ಮ ಹಿಂಗಾರಿ ರೊಟ್ಟಿ ಬಹುಪಾಲು ಅದರದ್ದೇ. ಕಲಬೆರಕೆ ಇದ್ದಲ್ಲಿ ಆರಿಸಬಹುದು. ಒಂದೇ ವಂಶದ ಸೋಯಾದಲ್ಲಿ ಆರಿಸಲು ಏನೂ ಉಳಿದಿರುವುದಿಲ್ಲ. ಅಲ್ಲಿ ಮೊದಲು ಎರಡು ತಳಿ ಕೂಡಿಸಿ ಒಳಗಿನ ಬರಹಗಳನ್ನು ಕಲಸಬೇಕು, ಆಮೇಲೆ ಆರಿಸಬೇಕು.

ಇಳುವರಿ ಹೂವಿನ ಬಣ್ಣದಂಥ ಒಂದು ಜೀನಿನ ಮಾತಲ್ಲ. ಎಷ್ಟು ಟೊಂಗೆ, ಎಷ್ಟು ಕಾಯಿ, ಕಾಯಿಗೆಷ್ಟು ಕಾಳು, ಕಾಳಿಗೆಷ್ಟು ತೂಕ, ಯಾವಾಗ ಹೂ, ರೋಗ ಬಂದರೆ ಏನು, ನಡುವೆ ಮಳೆ ಕೈಕೊಟ್ಟರೆ ಏನು. ನೂರಾರು ಜೀನ್‌ಗಳು ಒಟ್ಟಿಗೆ ಜಗ್ಗುತ್ತವೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಡಿಲ. ಕಾಳು ದಪ್ಪವಾದರೆ ಕಾಯಿಯ ಸಂಖ್ಯೆ ಇಳಿಯುತ್ತದೆ, ಯಾಕೆಂದರೆ ಎಲೆಗಳು ಬಿಸಿಲಿನಲ್ಲಿ ತಯಾರಿಸುವ ಅನ್ನ ಅಷ್ಟೇ ಇರುತ್ತದೆ. ದಪ್ಪ ಕಾಳು ರಾಶಿ ಮಾಡುವಾಗ ಬೇಗ ಏಟು ತಿನ್ನುತ್ತದೆ, ಇಟ್ಟ ಮೇಲೆ ಮೊಳಕೆಯ ಶಕ್ತಿಯನ್ನೂ ಬೇಗ ಕಳೆದುಕೊಳ್ಳುತ್ತದೆ. ಬದುವಿನ ಪಕ್ಕದ ಗಿಡಕ್ಕೆ ಬಿಸಿಲೂ ಜಾಗವೂ ಹೆಚ್ಚು ಸಿಕ್ಕಿ ಕಾಯಿ ಜೋತಾಡುತ್ತಿದ್ದರೆ ಅದು ಗಿಡದ ಗುಣವೇ ಎಂದು ಹೇಳಲಾಗದು. ಹಾಗಾಗಿ ಒಂದೊಂದು ಸಾಲನ್ನೂ ಹಲವು ಕಡೆ, ಹಲವು ವರ್ಷ ಬೆಳೆದು ತೂಗುತ್ತಾರೆ. ಕೂಡಿಸಿದ ದಿನದಿಂದ ರೈತನ ಕೈಗೆ ಚೀಲ ಬರುವಷ್ಟರಲ್ಲಿ ಹತ್ತು ವರ್ಷದ ಆಸುಪಾಸು ಕಳೆದಿರುತ್ತದೆ. ಅಂದು ಒಂದನೆಯ ಇಯತ್ತೆಯಲ್ಲಿದ್ದವರು ಕಾಲೇಜು ಸೇರುವಷ್ಟು ಕಾಲ!

ಆ ಚೀಲದ ಮೇಲಿನ ಅಕ್ಷರಗಳನ್ನು ಓದಿದ್ದೀರಾ? ಅವು ಬೀಜದ ಅಡ್ಡಹೆಸರು. ಕೆಡಿಎಸ್ ಎಂದಿದ್ದರೆ ಅದು ಸಾಂಗ್ಲಿ ಹತ್ತಿರದ ಕಸಬೆ ಡಿಗ್ರಜ್‌ನದು. ಎಂಎಸಿಎಸ್ ಪುಣೆಯ ಆಘಾರಕರ ಸಂಶೋಧನಾ ಸಂಸ್ಥೆಯದು. ಎಂಎಯುಎಸ್ ಪರಭಣಿಯದು. ಡಿಎಸ್‌ಬಿ ಧಾರವಾಡದ್ದು. ಎಲೆಯ ಮೇಲೆ ತುಕ್ಕು ರೋಗ ಬಂದರೂ ತಡೆದುಕೊಳ್ಳುವ ಡಿಎಸ್‌ಬಿ 21 ಅಲ್ಲಿಂದಲೇ ಬಂತು. ಜೆಎಸ್ ಮಧ್ಯಪ್ರದೇಶದ ಜಬಲಪುರದ ಕೃಷಿ ವಿಶ್ವವಿದ್ಯಾಲಯದ್ದು. 1994ರಲ್ಲಿ ಬಿಡುಗಡೆಯಾದ ಜೆಎಸ್ 335 ಎಷ್ಟೋ ವರ್ಷ ನಮ್ಮ ದೇಶದ ಸೋಯಾ ಹೊಲಗಳನ್ನು ಆಳಿತು. ಸೋಯಾ ತನ್ನತನ ಕಾಯ್ದುಕೊಳ್ಳುವುದರಿಂದ ರೈತ ತನ್ನ ಬೆಳೆಯದೇ ಬೀಜವನ್ನು ಎರಡು ಮೂರು ವರ್ಷ ಇಟ್ಟು ಬಿತ್ತಬಹುದು. ಹೈಬ್ರಿಡ್ ಸೂರ್ಯಕಾಂತಿಯಲ್ಲಿ ಹಾಗೆ ಮಾಡಿದರೆ ಮೊಮ್ಮಕ್ಕಳು ಒಂದೊಂದು ಒಂದೊಂದು ದಾರಿ ಹಿಡಿಯುತ್ತವೆ.

ಈಗ ಆ ಬಿಳಿ ಹೂವಿನ ಗಿಡಕ್ಕೆ ಬರೋಣ. ಅದು ಹೊಲಕ್ಕೆ ಎಲ್ಲಿಂದ ಬಂತು? ಸೋಯಾದಲ್ಲಿ ಪರಾಗ ಬೆರೆಯುವುದು ಅಪರೂಪ ಎಂದೆ. ಒಂದೇ ಒಂದು ಜೀನ್ ತಾನಾಗಿ ಕೆಟ್ಟು ಬಿಳಿಯಾಯಿತೇ? ಹಾಗಾಗಿದ್ದರೆ ಹೂವು ಮಾತ್ರ ಬದಲಾಗಬೇಕಿತ್ತು. ಕೂದಲಿಗೆ ಬೇರೆಯೇ ಜೀನ್ ಇದೆ. ಎರಡೂ ಒಟ್ಟಿಗೆ ಬದಲಾಗಿರುವುದರಿಂದ ಇದು ಬೇರೆ ತಳಿಯ ಗಿಡವೇ ಇರಬೇಕು. ರಾಶಿ ಯಂತ್ರ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತದೆ. ಅದರ ಮೂಲೆಯಲ್ಲಿ ಸಿಕ್ಕಿಕೊಂಡ ಹತ್ತೆಂಟು ಕಾಳು ನಮ್ಮ ಚೀಲಕ್ಕೆ ಬೀಳುತ್ತವೆ. ಇದನ್ನು ಹೇಳಿದಾಗ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಹಂಗಾದ್ರ ಇದು ಬೀಗರ ಊರಿಂದ ಬಂದದ" ಎಂದಳು.

ಅವಳು ಆ ಗಿಡಕ್ಕೆ ಕೆಂಪು ದಾರ ಕಟ್ಟಿದಳು. ಕೊಯ್ಲಿನ ದಿನ ಅದನ್ನು ಬೇರೆ ಕಿತ್ತು, ಕೈಯಿಂದಲೇ ಬಿಡಿಸಿ, ಕಾಳುಗಳನ್ನು ಅರಿವೆಯಲ್ಲಿ ಗಂಟು ಕಟ್ಟಿಟ್ಟಳು. ನೀವೂ ಹೀಗೆ ಮಾಡುವುದಾದರೆ ಎರಡು ಮಾತು ನೆನಪಿಡಿ. ಅಂಗಡಿಯಿಂದ ತಂದ ಬಿತ್ತನೆ ಬೀಜಕ್ಕೆ ಕೆಂಪೋ ಗುಲಾಬಿಯೋ ಬಣ್ಣ ಸವರಿದ್ದರೆ ಅದು ವಿಷದ ಔಷಧಿ, ಮುಟ್ಟಬೇಡಿ. ಸೋಯಾ ಕಾಳನ್ನು ಹಸಿಯಾಗಿ ತಿನ್ನಲೂಬೇಡಿ. ಅದರಲ್ಲಿ ನಮ್ಮ ಹೊಟ್ಟೆಯ ಜೀರ್ಣಶಕ್ತಿಯನ್ನು ತಡೆಯುವ ಒಂದು ವಸ್ತುವಿದೆ, ಚೆನ್ನಾಗಿ ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ಅದೇ ಇಲ್ಲದ ತಳಿಗಳನ್ನೂ ಇಂದೋರಿನವರು ಹೊರತಂದಿದ್ದಾರೆ. ಆ ಗುಣವೂ ಅಡಗುವ ಗುಣವೇ.

ಮರುವರ್ಷ ಮಿರಗದ ಮೊದಲ ಮಳೆ ಬಿದ್ದಾಗ ಅವಳು ಎರಡು ಡಬ್ಬಿಗಳಿಗೆ ಮಣ್ಣು ತುಂಬಿದಳು. ಒಂದರಲ್ಲಿ ಗಂಟಿನಲ್ಲಿಟ್ಟ ಕಾಳು, ಇನ್ನೊಂದರಲ್ಲಿ ಮನೆಯ ಚೀಲದಿಂದ ತೆಗೆದ ಒಂದು ಹಿಡಿ ಕಾಳು. ಮೊಳೆಯುವ ಮೊದಲೇ ವಹಿಯಲ್ಲಿ ಬರೆದಿಟ್ಟಳು: ಮೊದಲ ಡಬ್ಬಿ ಹಸಿರು, ಎರಡನೆಯ ಡಬ್ಬಿ ಜಾಂಬಳಿ. ಐದನೆಯ ದಿನ ಬೇಳೆಗಳು ಕತ್ತು ಬಗ್ಗಿಸಿಕೊಂಡು ಮೇಲೆ ಬಂದವು, ಎರಡು ದಿನದಲ್ಲಿ ನೆಟ್ಟಗೆ ನಿಂತವು. ಮೊದಲ ಡಬ್ಬಿಯ ಕಾಂಡಗಳೆಲ್ಲ ಹಸಿರು, ಒಂದೂ ತಪ್ಪಿರಲಿಲ್ಲ. ಎರಡನೆಯದರಲ್ಲಿ ಒಂದೊಂದೇ ಮೊಳಕೆ ಬೆರಳಿನಿಂದ ಸರಿಸುತ್ತ ಎಣಿಸುತ್ತಿದ್ದವಳು ಡಬ್ಬಿಯ ಅಂಚಿನ ಹತ್ತಿರ ನಿಂತುಬಿಟ್ಟಳು.

"ಕಾಕಾ, ಇಲ್ಲೂ ಒಂದ ಹಸರ ಅದ."

ಹೂ ಬಿಡಲು ಇನ್ನೂ ಐದು ವಾರ ಇತ್ತು. ಅವಳು ಕೆಂಪು ದಾರ ತರಲು ಒಳಗೆ ಹೋದಳು.